ಸ್ಪಿನ್ ಕಲಿಸಿ, ಆದರೆ ಸೋಲೋ ಆದ ಮೇಲೆ

ಅಮೆರಿಕ 1949ರಲ್ಲಿ ಖಾಸಗಿ ಪೈಲಟ್ ಪರೀಕ್ಷೆಯಿಂದ ಸ್ಪಿನ್ ಅನ್ನು, ಅಂದರೆ ವಿಮಾನ ಗಿರಗಿರ ತಿರುಗುತ್ತಾ ಬೀಳುವುದನ್ನು, ತೆಗೆದುಹಾಕಿತು. ಆ ಬಗ್ಗೆ ಜಗಳ ಇನ್ನೂ ಆರಿಲ್ಲ. ಸ್ಪಿನ್ ನೋಡದವನು ಪೈಲಟ್ಟೇ ಅಲ್ಲ ಎಂದು ಒಂದು ಕಡೆಯವರು. ಅದನ್ನು ಕಲಿಸಲು ಹೋಗಿಯೇ ಜನ ಸಾಯುತ್ತಾರೆ ಎಂದು ಇನ್ನೊಂದು ಕಡೆಯವರು.

ತೆಗೆದವರ ವಾದದಲ್ಲಿ ಹುರುಳಿತ್ತು. ಸ್ಟಾಲ್ ಆಗದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳದೆ, ಸ್ಪಿನ್ ಇಲ್ಲ, ಹಾಗಾಗಿ ಸ್ಟಾಲ್ ತಪ್ಪಿಸುವುದನ್ನೇ ಚೆನ್ನಾಗಿ ಕಲಿಸೋಣ ಎಂದರು. ಮುಂದೆ ಸ್ಟಾಲ್, ಸ್ಪಿನ್ ಅಪಘಾತಗಳ ಪಾಲು ಇಳಿದದ್ದೂ ನಿಜ. ಇಂದಿಗೂ ಅಲ್ಲಿ ಸ್ಪಿನ್ ಕಡ್ಡಾಯ ಇರುವುದು ಇನ್‌ಸ್ಟ್ರಕ್ಟರ್ ಆಗುವವರಿಗೆ ಮಾತ್ರ.

ಆದರೆ ಸ್ಪಿನ್ ಎಲ್ಲಿ ಕೊಲ್ಲುತ್ತದೆ ನೋಡಿ. ಇಳಿಯಲು ಕೊನೆಯ ತಿರುವು, ಎತ್ತರ ಸುಮಾರು 500 ಅಡಿ. ಹಿಂಗಾಳಿಗೆ ವಿಮಾನ ರನ್‌ವೇ ನೇರವನ್ನು ದಾಟಿಬಿಟ್ಟಿದೆ. ನೆಲ ಹತ್ತಿರವಿದೆಯೆಂದು ಹೆಚ್ಚು ವಾಲಿಸಲು ಹೆದರುವ ವಿದ್ಯಾರ್ಥಿ, ಎಡಗಾಲಿನಲ್ಲಿ ರಡ್ಡರ್ ಒತ್ತಿ ಮೂತಿಯನ್ನಷ್ಟೇ ತಿರುಗಿಸುತ್ತಾನೆ. ಮೂತಿ ಕೆಳಗಾಗುತ್ತದೆ, ಸ್ಟಿಕ್ ಎಳೆಯುತ್ತಾನೆ. ವಾಲು ಹೆಚ್ಚುತ್ತದೆ, ಬಲಕ್ಕೆ ಐಲರಾನ್ ಕೊಡುತ್ತಾನೆ. ಒಳಗಿನ ರೆಕ್ಕೆ ಕೈಕೊಡುತ್ತದೆ. ಸೆಸ್ನಾ 172 ಒಂದು ಸುತ್ತು ಸ್ಪಿನ್ ಆಗಿ ಚೇತರಿಸಿಕೊಳ್ಳಲು ಸುಮಾರು 1000 ಅಡಿ ಬೇಕು.

ಹಾಗಾದರೆ ಕಲಿತು ಏನು ಪ್ರಯೋಜನ ಎನ್ನುತ್ತಾರೆ ವಿರೋಧಿಗಳು. ಪ್ರಯೋಜನ ಇರುವುದು ಆ ತಪ್ಪುಗಳನ್ನೆಲ್ಲ ತನ್ನ ಕೈಕಾಲಿನಿಂದಲೇ ಸಾಕಷ್ಟು ಎತ್ತರದಲ್ಲಿ ಮಾಡಿ ನೋಡುವುದರಲ್ಲಿ. ಎಷ್ಟೋ ಕಡೆ ಕಲಿಸುವುದು ಬೇರೆಯದನ್ನೇ: ಮೂತಿ ಮೇಲೆತ್ತಿ, ಪೂರ್ತಿ ರಡ್ಡರ್ ಒದ್ದು, ಗಿರಗಿರ ತಿರುಗಿಸುವುದು. ಹಾಗೆ ಒದ್ದುಕೊಂಡು ಯಾರೂ ರನ್‌ವೇಗೆ ಬರುವುದಿಲ್ಲ. ಅದು ಸರ್ಕಸ್ಸು.

ಆದರೆ ಮೊದಲ ಸೋಲೋಗೆ, ಅಂದರೆ ಒಬ್ಬನೇ ಹಾರುವುದಕ್ಕೆ, ಮುಂಚೆ ಬೇಡ. ನೆಟ್ಟಗೆ ಇಳಿಸಲು ಬಾರದವನಿಗೆ ಸ್ಪಿನ್ ತೋರಿಸಿದರೆ ಅವನು ಸ್ಟಾಲ್ ಅಭ್ಯಾಸಕ್ಕೂ ಬೆದರುತ್ತಾನೆ. ಮೊದಲ ಸೋಲೋದಲ್ಲಿ ಗುರು ಕೆಳಗೆ ನಿಂತು ನೋಡುತ್ತಿರುತ್ತಾನೆ, ಗಾಳಿಯೂ ಹದವಾಗಿರುತ್ತದೆ. ಉಡಾಫೆ ಶುರುವಾಗುವುದು ಆಮೇಲೆ. ದೂರದ ಊರಿಗೆ ಒಬ್ಬನೇ ಹೊರಡುವ ಮುನ್ನ ಈ ಪಾಠ ಆಗಲೇಬೇಕು.

ಸಿಕ್ಕಸಿಕ್ಕ ವಿಮಾನದಲ್ಲಿ ಮಾತ್ರ ಕಲಿಸಬೇಡಿ. ಸಿರಸ್ ವಿಮಾನ ಸ್ಪಿನ್‌ಗೆ ಬಿದ್ದರೆ ಅದರ ಪ್ಯಾರಾಚೂಟನ್ನೇ ಎಳೆಯಿರಿ ಎನ್ನುತ್ತದೆ ಕೈಪಿಡಿ. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ತರಬೇತಿ ಜೆಟ್ ಎಚ್‌ಜೆಟಿ-36 ಮೊದಲು ಹಾರಿದ್ದು 2003ರಲ್ಲಿ. ಎಡಕ್ಕೂ ಬಲಕ್ಕೂ ಆರಾರು ಸುತ್ತು ಸ್ಪಿನ್ ಮಾಡಿ ತೋರಿಸಿದ ಸುದ್ದಿ ಬಂದದ್ದು 2022ರಲ್ಲಿ. ನಡುವೆ ಬಾಲದ ನಿಲುರೆಕ್ಕೆಯನ್ನು ಹಿಂದಕ್ಕೆ ಸರಿಸಿ, ರಡ್ಡರ್ ಉದ್ದ ಮಾಡಬೇಕಾಯಿತು. ಕಾರ್ಖಾನೆಯನ್ನೇ ಇಷ್ಟು ಕಾಡಿದ್ದನ್ನು, ಅರ್ಹತೆಯ ಸಹಿಗಾಗಿ ಒಂದೆರಡು ಸ್ಪಿನ್ ಮಾಡಿ ಮರೆತ ಇನ್‌ಸ್ಟ್ರಕ್ಟರ್ ಕೈಗೆ ಒಪ್ಪಿಸುವುದೇ?

ಖರ್ಚು ಎನ್ನುತ್ತವೆ ಶಾಲೆಗಳು. ಬೇಕಾದದ್ದು ಇಷ್ಟೇ: ನೆಲದ ಮೇಲೆ ಒಂದು ಗಂಟೆ ಪಾಠ, ಮೇಲೆ ಒಂದು ಗಂಟೆ ಹಾರಾಟ, ವರ್ಷಪೂರ್ತಿ ಇದನ್ನೇ ಮಾಡುವ ಒಬ್ಬ ಗುರು. ಕರಪತ್ರ ಅಚ್ಚು ಹಾಕಿಸಲು ಇವರಿಗೆ ದುಡ್ಡಿನ ಕೊರತೆ ಆದದ್ದನ್ನು ನಾನಂತೂ ನೋಡಿಲ್ಲ.