ಮರದ ರೆಕ್ಕೆ ಕೆತ್ತಿ ಕರೆಂಟು ಮಾಡುವ ಮುಂಚೆ ರಾಗಿ ಕಣದ ಗಾಳಿ ನೆನಪು ಮಾಡಿಕೊಳ್ಳಿ

ನಾಲ್ಕಡಿ ಉದ್ದದ ಮೂರು ಹಲಗೆ, ಒಂದು ಹತ್ತರಿ, ಒಂದು ಉಳಿ, ಒಂದು ಹಳೇ ಮೋಟಾರು. ರೆಕ್ಕೆ ಕೆತ್ತಿ ಮನೆ ಮೇಲೆ ಏರಿಸಿದರೆ ಜೀವನಪೂರ್ತಿ ಪುಕ್ಕಟೆ ಕರೆಂಟು. ಈ ತರದ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ. ನಮಗೂ ಕಳಿಸಿ "ನಮ್ಮೂರಲ್ಲಿ ಆಗುತ್ತಾ?" ಅಂತ ಕೇಳುವವರಿದ್ದಾರೆ. ಕೆತ್ತಬಹುದು, ತಿರುಗಿಸಲೂಬಹುದು. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಮನೆಗೋ ಹೊಲಕ್ಕೋ ಕರೆಂಟು ಸಿಗುತ್ತೆ ಅಂತ ನಂಬಿ ದುಡ್ಡು ಹಾಕಬೇಡಿ. "ಬೊಂಬೆ ಮಾಡೋ ಊರು, ಮರದ ರೆಕ್ಕೆ ಮಾಡೋದು ಏನು ಮಹಾ" ಅನ್ನುವ ಮಾತಿಗಂತೂ ನಮ್ಮ ತಕರಾರು ಇನ್ನೂ ಜಾಸ್ತಿ.

ಮೊದಲು ಗಾಳಿ ವಿಷಯ. ನಮ್ಮ ಗಾಳಿ ಹೇಗೆ ಅಂತ ತಿಳಿಯೋಕೆ ಯಾವ ವಿಜ್ಞಾನಿಯೂ ಬೇಡ, ಕಣದಲ್ಲಿ ರಾಗಿ ತೂರಿದವರನ್ನು ಕೇಳಿ. ಮೊರ ಎತ್ತಿ ಹಿಡಿದು ಗಾಳಿಗೆ ಕಾದು ಕಾದು ತೋಳು ಸೋತವರು ನಮ್ಮ ತಾತಂದಿರು. ಈಗ ಎಷ್ಟೋ ಕಣಗಳಲ್ಲಿ ವೈರು ಎಳೆದು ಟೇಬಲ್ ಫ್ಯಾನು ಇಟ್ಟು ತೂರುತ್ತಾರೆ. ರಾಗಿ ಹೊಟ್ಟು ಹಾರಿಸೋಕೇ ಕರೆಂಟಿನ ಗಾಳಿ ಬೇಕಾದ ಊರಲ್ಲಿ ಗಾಳಿಯಿಂದ ಕರೆಂಟು ತೆಗೀತೀವಿ ಅಂತ ಹೊರಡುವುದು ತಮಾಷೆ ಅನ್ನಿಸಲ್ವಾ? ಆಷಾಢದಲ್ಲಿ ಜೋರು ಗಾಳಿ ಇರುತ್ತೆ, ಒಪ್ಪುತ್ತೇವೆ. ಅದು ಮುಗಿದ ಮೇಲೆ? (ಜಿಲ್ಲೆಯ ಹೆಸರು ರಾಮನಗರದಿಂದ ಬೆಂಗಳೂರು ದಕ್ಷಿಣ ಆಯ್ತು. ಗಾಳಿ ಮಾತ್ರ ಹಳೇದೇ.)

ಲೆಕ್ಕ ಸ್ವಲ್ಪ ನೋಡೋಣ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಸಿಗುವ ಶಕ್ತಿ ಅರ್ಧ ಆಗಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ನಾಲ್ಕಡಿ ರೆಕ್ಕೆಯ ಫ್ಯಾನು, ಅಂದರೆ ಎಂಟಡಿ ಅಗಲದ ಚಕ್ರ, ಗಂಟೆಗೆ 22 ಕಿಲೋಮೀಟರ್ ಗಾಳಿಯಲ್ಲಿ ಚೆನ್ನಾಗಿ ಮಾಡಿದ್ದರೆ ಸುಮಾರು 150 ವ್ಯಾಟ್ ಕೊಡುತ್ತೆ. ಗಾಳಿ 11 ಕಿಲೋಮೀಟರಿಗೆ ಇಳಿದರೆ 20 ವ್ಯಾಟ್ ಸಿಕ್ಕರೆ ಪುಣ್ಯ. ಹಗಲೂ ರಾತ್ರಿ ನಿಲ್ಲದೆ ಆ 20 ವ್ಯಾಟ್ ಬಂದರೂ ದಿನಕ್ಕೆ ಅರ್ಧ ಯೂನಿಟ್. ಅದೇ 500 ವ್ಯಾಟಿನ ಒಂದು ಸೋಲಾರ್ ಪ್ಯಾನಲ್ ಸುಮ್ಮನೆ ಸೂರಿನ ಮೇಲೆ ಮಲಗಿಕೊಂಡು ಬಿಸಿಲಿನ ದಿನ ಎರಡು ಯೂನಿಟ್ ಕೊಡುತ್ತೆ.

ಗಾಳಿಯಂತ್ರ ಅಂದ ಕೂಡಲೇ ಚಿತ್ರದುರ್ಗದ ಜೋಗಿಮಟ್ಟಿ ತೋರಿಸುತ್ತಾರೆ. ಅಲ್ಲಿನ ಬೆಟ್ಟದ ಸಾಲಿನ ಗಾಳಿಯೇ ಬೇರೆ, ಯಂತ್ರದ ಎತ್ತರವೇ ಬೇರೆ. ನಮ್ಮಲ್ಲೂ ಬೆಟ್ಟ ಇಲ್ವಾ ಅಂತ ಕೇಳಬಹುದು. ರಾಮದೇವರ ಬೆಟ್ಟ, ಸಾವನದುರ್ಗ ಒಂಟಿ ಬಂಡೆಗಳು. ಅವುಗಳ ಹಿಂದೆ ಗಾಳಿ ಸುತ್ತಿ ಸುಳಿಯಾಗುತ್ತೆ. ತೆಂಗಿನ ತೋಟದ ನಡುವಿನ ಮನೆ ಮೇಲೂ ಅದೇ ಕತೆ. ಸುಳಿಗಾಳಿಯಲ್ಲಿ ಫ್ಯಾನು ಒಂದು ಕಡೆ ಮುಖ ಮಾಡಿ ನಿಲ್ಲಲ್ಲ, ಅತ್ತಿತ್ತ ಒದ್ದಾಡಿ ಬೇಗ ಹಾಳಾಗುತ್ತೆ.

ಇನ್ನು ಬೊಂಬೆ ಊರಿನ ಮಾತು. ಚನ್ನಪಟ್ಟಣದ ಕೈಗಳ ಮೇಲೆ ನಮಗಿರುವ ಗೌರವ ಯಾರಿಗಿಂತಲೂ ಕಡಿಮೆ ಇಲ್ಲ. ಅದಕ್ಕೇ ಈ ಸಸಾರದ ಮಾತು ಕೇಳಿದರೆ ಸಿಟ್ಟು ಬರುತ್ತೆ. ಬೊಂಬೆಗೆ ಬಳಸುವುದು ಆಲೆ ಮರ. ಬಿಳಿ, ಮೆದು, ನುಣುಪು. ಲೇತಿನಲ್ಲಿ ಮರ ತಿರುಗುತ್ತಿರುವಾಗ ಉಳಿ ಕೊಟ್ಟು ರೂಪ ತೆಗೆದು, ಬಣ್ಣದ ಅರಗು ಒತ್ತುತ್ತಾರೆ. ತಿರುಗುವ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತೆ. ಲೇತಿನಿಂದ ಬರುವುದೆಲ್ಲ ದುಂಡು: ಬುಗುರಿ, ಮಣಿ, ಗಿಲಕಿ. ಗಾಳಿ ರೆಕ್ಕೆಯಲ್ಲಿ ದುಂಡು ಅನ್ನುವುದೇ ಇಲ್ಲ. ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಬುಡದಲ್ಲಿ ಓರೆ ಜಾಸ್ತಿ, ತುದಿಗೆ ಹೋಗ್ತಾ ಹೋಗ್ತಾ ಕಡಿಮೆ. ಗಾಳಿಗೆ ಎದುರಾದ ಮೈ ಚಪ್ಪಟೆ, ಹಿಂದಿನ ಮೈ ಉಬ್ಬು. ಮೂರೂ ರೆಕ್ಕೆಗಳ ತೂಕ ಸರಿಸಮ ಇರಬೇಕು, ಇಲ್ಲದಿದ್ದರೆ ಕಂಬವೇ ನಡುಗುತ್ತೆ. ಇದು ಲೇತಿನವರ ಕೆಲಸ ಅಲ್ಲ, ಹತ್ತರಿ ಹಿಡಿದ ಬಡಗಿಯ ಕೆಲಸ. ಅದಕ್ಕೆ ಗಂಟಿಲ್ಲದ, ಎಳೆ ನೇರವಾಗಿರುವ, ಚೆನ್ನಾಗಿ ಒಣಗಿದ ಉದ್ದ ಹಲಗೆ ಬೇಕು. ಶತಮಾನದ ಹಿಂದೆ ಬಾವಾಸ್ ಮಿಯಾನ್ ಜಪಾನಿನ ತಂತ್ರ ಕಲಿತು ಬಂದು ಇಲ್ಲಿನವರಿಗೆ ಹೇಳಿಕೊಟ್ಟರು ಅಂತಾರಲ್ಲ, ಹೊಸ ಕಸುಬು ಅಂದರೆ ಹಾಗೆ ಕೂತು ಕಲಿಯುವ ಮಾತು. "ನೀವು ಮರದವರು, ಇದನ್ನೂ ಮಾಡಿ" ಅಂತ ವೇದಿಕೆ ಮೇಲಿಂದ ಹೇಳಿಬಿಟ್ಟರೆ ಆಗಲ್ಲ. ಮಾಡಿದ ರೆಕ್ಕೆ ಕೊಳ್ಳುವವರು ಯಾರು ಅಂತ ಹೇಳುವವರಂತೂ ಸಿಗಲ್ಲ.

ಅಪಾಯದ ಬಗ್ಗೆ ಆ ವಿಡಿಯೊಗಳು ಬಾಯೇ ಬಿಡಲ್ಲ. ಗಾಳಿಗಿಂತ ರೆಕ್ಕೆಯ ತುದಿ ಐದಾರು ಪಟ್ಟು ವೇಗವಾಗಿ ಓಡುತ್ತೆ. ಗಂಟೆಗೆ 36 ಕಿಲೋಮೀಟರ್ ಗಾಳಿಯಲ್ಲಿ ತುದಿಯ ವೇಗ 200 ಕಿಲೋಮೀಟರ್ ಆಸುಪಾಸು. ಏಪ್ರಿಲ್, ಮೇ ತಿಂಗಳ ಮಳೆಗಾಳಿ ಬಾಳೆ ತೋಟ ಮಲಗಿಸಿ, ಮಾವಿನಕಾಯಿ ಉದುರಿಸಿ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಜೋರು ಗಾಳಿಗೆ ತಾನೇ ಪಕ್ಕಕ್ಕೆ ತಿರುಗಿಕೊಳ್ಳುವ ಬಾಲ ಇಲ್ಲದ ಫ್ಯಾನಿನಿಂದ ಅಂಥ ಸಂಜೆ ಒಂದು ರೆಕ್ಕೆ ಕಿತ್ತರೆ, ಕೆಳಗೆ ಅಂಗಳದಲ್ಲಿ ಮಕ್ಕಳಿದ್ದರೆ?

ಹಾಗಾದರೆ ಇದು ಎಲ್ಲೂ ನಡೆದಿಲ್ವಾ? ನಡೆದಿದೆ. ಸ್ಕಾಟ್ಲೆಂಡಿನ ಸ್ಕೊರೇಗ್ ಅನ್ನುವ ಕಡಲಂಚಿನ ಹಳ್ಳಿಗೆ ರಸ್ತೆಯೂ ಇಲ್ಲ, ಕರೆಂಟು ಲೈನೂ ಇಲ್ಲ. ಅಲ್ಲಿ ಹ್ಯೂ ಪಿಗಟ್ ಅನ್ನುವವರು ಕೈಯಲ್ಲೇ ಮರದ ರೆಕ್ಕೆ ಕೆತ್ತಿ ಗಾಳಿಯಂತ್ರ ಕಟ್ಟಿದರು, ಪುಸ್ತಕ ಬರೆದರು, ಜಗತ್ತಿನ ಎಷ್ಟೋ ಜನಕ್ಕೆ ಕಲಿಸಿದರು. ಅಲ್ಲಿ ಕಡಲ ಗಾಳಿ ಇತ್ತು, ಬೇರೆ ದಾರಿ ಇರಲಿಲ್ಲ. ನಮಗೆ ಆ ಗಾಳಿ ಇಲ್ಲ, ಲೈನು ಮನೆ ಬಾಗಿಲಲ್ಲೇ ಇದೆ. ಇನ್ನೊಂದು ಮಾತು: ರೆಕ್ಕೆ ಈ ಯಂತ್ರದಲ್ಲಿ ಅಗ್ಗದ ಭಾಗ. ಆಯಸ್ಕಾಂತ, ತಾಮ್ರದ ತಂತಿ, ಕಂಬ, ಬ್ಯಾಟರಿ, ಇನ್ವರ್ಟರ್ ಎಲ್ಲಾ ಸೇರಿದ ಮೇಲೆ ದುಡ್ಡು ಗೊತ್ತಾಗುವುದು. ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಮತ್ತೆ ತರಬೇಕು.

ಇಷ್ಟೆಲ್ಲ ಮಾಡಿ ಉಳಿಸುವುದಾದರೂ ಏನನ್ನು? 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಗೆ ಬಿಲ್ಲು ಸೊನ್ನೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೂ ದುಡ್ಡಿಲ್ಲ. ನಮ್ಮ ಕಷ್ಟ ಬಿಲ್ಲಿನದ್ದಲ್ಲ, ಹೊತ್ತಿನದ್ದು. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಅಂತಾರೆ, ಅದರಲ್ಲಿ ಒಂದು ಪಾಲು ರಾತ್ರಿ ಬಂದರೆ ಮೋಟಾರು ಹಾಕೋಕೆ ಟಾರ್ಚು ಹಿಡಿದು ತೋಟಕ್ಕೆ ಹೋಗಬೇಕು. ತೆಂಗಿನಕಲ್ಲು ಕಾಡಿನ ಸುತ್ತ, ಕನಕಪುರದ ಕಾಡಂಚಿನ ಊರುಗಳಲ್ಲಿ ಆ ಹೊತ್ತಿಗೆ ಆನೆ ಎಲ್ಲಿ ನಿಂತಿದೆಯೋ ಗೊತ್ತಿರಲ್ಲ. ಮರದ ಫ್ಯಾನು ಇದಕ್ಕೆ ಉತ್ತರವೇ ಅಲ್ಲ. 5 ಎಚ್‌ಪಿ ಮೋಟಾರು ಓಡಿಸೋಕೆ ಒಳ್ಳೆ ಗಾಳಿಯಲ್ಲೂ ಅಂಥ 25 ಫ್ಯಾನು ಬೇಕು, ಮಂದ ಗಾಳಿಯಲ್ಲಿ 180ಕ್ಕೂ ಮೇಲೆ.

ಇದಕ್ಕೆ ದಾರಿ ಕುಸುಮ್ ಯೋಜನೆಯಲ್ಲಿದೆ. ಪಂಪ್‌ಸೆಟ್ ಫೀಡರಿಗೆ ಸೋಲಾರ್ ಘಟಕ ಜೋಡಿಸಿದರೆ ಬಿಸಿಲಿದ್ದಾಗಲೇ, ಅಂದರೆ ಹಗಲಲ್ಲೇ ತ್ರೀ ಫೇಸ್ ಕೊಡಬಹುದು. ನಿಮ್ಮ ಪಂಪ್‌ಸೆಟ್ ಯಾವ ಫೀಡರಿಗೆ ಸೇರಿದೆ, ಆ ಫೀಡರ್ ಈ ಯೋಜನೆಯಲ್ಲಿ ಇದೆಯಾ, ಇದ್ದರೆ ಯಾವಾಗ ಅಂತ ಬೆಸ್ಕಾಂ ಉಪವಿಭಾಗಕ್ಕೆ ಬರವಣಿಗೆಯಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ಒಂದೇ ಫೀಡರಿನ ಎಲ್ಲರೂ ಸಹಿ ಹಾಕಿ ಹೋಗಿ, ಸ್ವೀಕೃತಿ ತಗೊಳ್ಳದೆ ಬರಬೇಡಿ. ಅರ್ಜಿ ಬರೆಯೋಕೆ ಕಷ್ಟ ಆದರೆ ನಮಗೆ ತಿಳಿಸಿ, ಬರೆದುಕೊಡುತ್ತೇವೆ. ಮರದ ರೆಕ್ಕೆ ಕೆತ್ತಲೇಬೇಕು ಅನ್ನುವ ಹುಡುಗರು ಒಂದಡಿಯದ್ದು ಕೆತ್ತಿ, ಶಾಲೆಗೆ ತಗೊಂಡು ಹೋಗಿ ಒಂದು ಚಿಕ್ಕ ಬಲ್ಬು ಹತ್ತಿಸಿ ತೋರಿಸಲಿ, ಅದಕ್ಕೆ ಯಾರೂ ಬೇಡ ಅನ್ನಲ್ಲ.