ಬಾದಾಮಿಯ ಬಂಡೆ ಮತ್ತು ನನ್ನ ಉಂಗುರದ ಬೆರಳು

‘ಟಪ್’ ಅಂತ ಸದ್ದು. ಬಂಡೆಯ ಸಣ್ಣ ಅಂಚು ಹಿಡಿದಿದ್ದ ಬಲಗೈ ತಾನಾಗೇ ಬಿಟ್ಟುಕೊಂಡಿತು. ಹಗ್ಗ ಇತ್ತು, ಬೀಳಲಿಲ್ಲ. ಆದರೆ ಸಂಜೆ ಹೊತ್ತಿಗೆ ಉಂಗುರದ ಬೆರಳ ಬುಡ ಬದನೆಕಾಯಿ ಆಗಿತ್ತು.

ಹಿಂದಿನ ರಾತ್ರಿ ಬೆಂಗಳೂರಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಬಾದಾಮಿಯಲ್ಲಿ ಇಳಿದು, ಚಹಾ ಕುಡಿದು ನೇರ ಬಂಡೆಗೆ ಹೋಗಿದ್ದೆ. ಗುಹೆ ನೋಡಲು ಬರುವ ಎಷ್ಟೋ ಜನರಿಗೆ ಗೊತ್ತಿರಲ್ಲ, ಊರ ಸುತ್ತಲಿನ ಈ ಕೆಂಪು ಮರಳುಗಲ್ಲು ದೇಶದ ಕ್ಲೈಂಬರ್‌ಗಳಿಗೆಲ್ಲ ಪರಿಚಿತ. 8ಬಿ+ ದರ್ಜೆಯ ‘ಗಣೇಶ’ ಎಂಬ ದಾರಿ ಇರುವುದು ಇಲ್ಲೇ. ನಾನು ಅದರ ಹತ್ತಿರವೂ ಸುಳಿಯುವವನಲ್ಲ ಬಿಡಿ. ಆದರೂ ಮೊದಲು ಸಲೀಸಾದ ಎರಡು ದಾರಿ ಹತ್ತಿ ಮೈ ಬಿಸಿ ಮಾಡ್ಕೋಬೇಕಿತ್ತು. ಇರೋದೇ ಎರಡು ದಿನ ರಜೆ ಅಂತ ಕಷ್ಟದ್ದಕ್ಕೇ ಕೈ ಹಾಕಿದೆ.

ಬೆರಳಿನ ಸ್ನಾಯುರಜ್ಜುವನ್ನು ಮೂಳೆಗೆ ಒತ್ತಿ ಹಿಡಿಯುವ ಪಟ್ಟಿಗಳಿವೆ. ಅವುಗಳಲ್ಲಿ ಎ2 ಪುಲ್ಲಿ ಎಂಬುದಕ್ಕೆ ಏಟಾಗಿತ್ತು. ಆರು ವಾರ ಬಂಡೆ ಬಂದ್. ಆಫೀಸಲ್ಲಿ ಒಂಬತ್ತು ಬೆರಳಲ್ಲಿ ಕೋಡ್.

ಹುನಗುಂದದ ಸೋದರಮಾವ ಒಂದು ಕಾಲದ ಪೈಲ್ವಾನ. ಪಟ್ಟಿ ಕಟ್ಟಿದ ಕೈ ನೋಡಿ ನಕ್ಕರು. “ಅಲ್ಲೋ ಅಳಿಯಾ, ನಾವು ಗರಡ್ಯಾಗ ಕಾಲಿಟ್ಟ ಕೂಡ್ಲೆ ಕುಸ್ತಿ ಹಿಡೀತಿದ್ವಿ ಅಂದ್ಕೊಂಡೀ ಏನು? ಮೊದ್ಲ ಮಣ್ಣು ಅಗೀಬೇಕು, ದಂಡ–ಬೈಠಕ್ ಹೊಡೀಬೇಕು. ಬೆವರು ಬಂದ ಮ್ಯಾಲ ಜೋಡಿ!”

“ಹೌದ್ರಿ ಮಾಮಾ” ಅಂದೆ. ಬೇರೆ ಏನು ಹೇಳಲಿ?

ಮಾಮಾ ಹೇಳಿದ್ದಕ್ಕೆ ಲೆಕ್ಕವೂ ಇದೆ. ಸ್ನಾಯುವಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಅದರ ಸಾಮರ್ಥ್ಯ ಸುಮಾರು ಶೇ 2ರಿಂದ 5ರಷ್ಟು ಹೆಚ್ಚುತ್ತದೆ. ನರಗಳ ಸಂದೇಶ ಚುರುಕಾಗುತ್ತದೆ, ಕೀಲುಗಳು ಸಲೀಸಾಗಿ ಆಡುತ್ತವೆ. ಗಾಯದ ವಿಷಯಕ್ಕೆ ಬಂದರೆ, ‘ಫಿಫಾ 11+’ ಅಂತ ಫುಟ್‌ಬಾಲ್‌ನವರ 20 ನಿಮಿಷದ ವಾರ್ಮ್‌ಅಪ್ ಇದೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಮೇಲೆ ಅದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ಗಾಯಗಳು ಹೆಚ್ಚುಕಡಿಮೆ ಮೂರನೇ ಒಂದು ಭಾಗ ತಗ್ಗಿದ್ದವು. ಅದರಲ್ಲಿ ಬರೀ ಓಟ ಅಲ್ಲ, ಬಲ ಮತ್ತು ಸಮತೋಲನದ ವ್ಯಾಯಾಮವೂ ಇದೆ, ಅದನ್ನು ಬಿಡದೆ ಮಾಡಬೇಕು.

ವಾರ್ಮ್‌ಅಪ್ ಅಂದ್ರೆ ಕಾಲು ಚಾಚಿ ಹಿಡಿದು ನಿಲ್ಲೋದಷ್ಟೇ ಅಂತ ನಾನೂ ನಂಬಿದ್ದೆ. ಒಂದೇ ಭಂಗಿಯಲ್ಲಿ ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ತುಸು ತಗ್ಗುತ್ತದೆ. ಅದನ್ನು ಆಟ ಮುಗಿದ ಮೇಲಿಗೆ ಇಟ್ಟುಕೊಳ್ಳಿ.

ನನ್ನ ಈಗಿನ ಕ್ರಮ ಇಷ್ಟು: ಐದು ನಿಮಿಷ ಬಿರುಸಿನ ನಡಿಗೆ, ಭುಜ–ಸೊಂಟ–ಮಣಿಕಟ್ಟು ತಿರುಗಿಸುವುದು, ಹತ್ತು ಬೈಠಕ್, ಆಮೇಲೆ ಅದೇ ಆಟವನ್ನು ಅರ್ಧ ಬಲದಲ್ಲಿ. ಕ್ರಿಕೆಟ್ ಆದರೆ ನಿಧಾನದ ನಾಲ್ಕು ಬಾಲ್, ಬಂಡೆ ಆದರೆ ದೊಡ್ಡ ಹಿಡಿತದ ಎರಡು ದಾರಿ. ಹದಿನೈದು ನಿಮಿಷ ಸಾಕು.

ಅಂದು ಹೀಗೆ ಮಾಡಿದ್ದರೆ ಬೆರಳು ಖಂಡಿತ ಉಳೀತಿತ್ತು ಅಂತ ಆಣೆ ಮಾಡಲಾರೆ, ರಾತ್ರಿ ನಿದ್ದೆಯೂ ಇರಲಿಲ್ಲ. ಆದರೆ ಉಳಿಸೋಕೆ ಹೊರಟಿದ್ದು ಹದಿನೈದು ನಿಮಿಷ, ಕಳೆದುಕೊಂಡಿದ್ದು ಆರು ವಾರ. ಈ ಭಾನುವಾರ ನೀವೂ ನೇರ ಗ್ರೌಂಡಿಗೆ ಇಳಿಯೋ ಮೊದಲು ನಮ್ಮ ಮಾಮಾನ ಮಾತು ನೆನಪಿಸಿಕೊಳ್ಳಿ: ಬೆವರು ಬಂದ ಮ್ಯಾಲ ಜೋಡಿ!