ಮನೆಯೇ ಗಾಡಿ ಏರಿ ಬಂದರೆ: ಹಳೇ ರಸ್ತೆಯ ಅಂಗಡಿಗೆ ನಿಲ್ಲುವ ಗಿರಾಕಿ ಸಿಗ್ತಾರಾ?

ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ. ಬೆಂಗಳೂರು–ಮೈಸೂರು ಹಳೇ ರಸ್ತೆಯ ವ್ಯಾಪಾರ ಇಷ್ಟು ವರ್ಷ ನಡೆದದ್ದು ಒಂದೇ ನಂಬಿಕೆಯ ಮೇಲೆ: ಹೋಗೋರು ದಾರೀಲಿ ಒಂದು ಗಳಿಗೆ ಗಾಡಿ ನಿಲ್ಲಿಸ್ತಾರೆ. 2023ರ ಮಾರ್ಚ್ 12ರಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. 118 ಕಿ.ಮೀ. ದಾರಿಯಲ್ಲಿ ಸುಮಾರು 52 ಕಿ.ಮೀ. ಊರುಗಳನ್ನು ಬಳಸಿಕೊಂಡು ಹೋಗುವ ಹೊಸ ರಸ್ತೆ. ರಾಮನಗರ, ಚನ್ನಪಟ್ಟಣ ಎರಡನ್ನೂ 22 ಕಿ.ಮೀ. ಬೈಪಾಸ್ ಒಂದೇ ಉಸಿರಿಗೆ ದಾಟಿಸಿಬಿಡುತ್ತದೆ. ಬೊಂಬೆ ಅಂಗಡಿಗಳ ಮುಂದಿನ ಕಾರುಗಳ ಸಾಲು ಕರಗಿತು. ಊರೊಳಗಿನ ಟ್ರಾಫಿಕ್ ತಗ್ಗಿತು ಅಂತ ಒಂದು ಕಡೆ ನೆಮ್ಮದಿ, ಗಲ್ಲಾಪೆಟ್ಟಿಗೆ ತಗ್ಗಿತು ಅಂತ ಇನ್ನೊಂದು ಕಡೆ ಸಂಕಟ.

ಇದೇ ಹೊತ್ತಿಗೆ ದೇಶದ ರಸ್ತೆಗಳಲ್ಲಿ ಬೇರೊಂದು ಥರದ ಗಾಡಿ ಕಾಣಿಸಿಕೊಳ್ಳುತ್ತಿದೆ. ಹೊರಗಿನಿಂದ ನೋಡಿದರೆ ಟೆಂಪೋ ಟ್ರಾವೆಲರ್ ಇಲ್ಲವೇ ಮಿನಿ ಬಸ್. ಒಳಗೆ ಹಾಸಿಗೆ, ಒಲೆ, ಸಿಂಕು, ನೀರಿನ ಟ್ಯಾಂಕು, ಚಾವಣಿ ಮೇಲೆ ಸೋಲಾರ್ ಪ್ಯಾನೆಲ್. ಗಂಡ, ಹೆಂಡತಿ, ಒಂದೋ ಎರಡೋ ಮಕ್ಕಳು. ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನು ಮಾರಿ, ಗಾಡಿಯನ್ನೇ ಮನೆ ಮಾಡಿಕೊಂಡವರು. ಕೊರೊನಾ ಕಾಲದಲ್ಲಿ ಆಫೀಸು ಲ್ಯಾಪ್‌ಟಾಪ್‌ಗೆ ಬಂದ ಮೇಲೆ ಈ ದಾರಿ ಹಿಡಿಯುವುದು ಸುಲಭವಾಯಿತು. ಇಂಥ ಕುಟುಂಬಗಳ ವಿಡಿಯೋ ನೋಡದ ಮೊಬೈಲ್ ಈಗ ಅಪರೂಪ.

ಅವರ ಸಂಖ್ಯೆ ಚಿಕ್ಕದು. ಅವರೇ ಬಂದು ಹಳೇ ರಸ್ತೆಯನ್ನು ಉದ್ಧಾರ ಮಾಡ್ತಾರೆ ಅಂತ ಯಾರೂ ಕನಸು ಕಾಣಬೇಕಿಲ್ಲ. ಆದರೆ ಅವರು ಎತ್ತುವ ಪ್ರಶ್ನೆ ಚಿಕ್ಕದಲ್ಲ: ಈ ಜಿಲ್ಲೆಯಲ್ಲಿ ಒಬ್ಬ ದಾರಿಹೋಕ ಗೌರವವಾಗಿ ಒಂದು ರಾತ್ರಿ ಕಳೆಯಲು ಜಾಗ ಇದೆಯಾ?

ಪ್ರವಾಸಿ ಬೇರೆ, ವಾಸಿ ಬೇರೆ

ಶನಿವಾರ ಬಂದು ಭಾನುವಾರ ವಾಪಸ್ ಹೋಗುವ ಪ್ರವಾಸಿ ನೋಡಲು ಬರುತ್ತಾನೆ. ಗಾಡಿಯಲ್ಲೇ ಇರುವ ಕುಟುಂಬ ಬದುಕಲು ಬರುತ್ತದೆ. ಅಂಗಡಿಯವರ ದೃಷ್ಟಿಯಿಂದ ಈ ವ್ಯತ್ಯಾಸ ದೊಡ್ಡದು. ಪ್ರವಾಸಿ ಒಂದು ಬೊಂಬೆ, ಒಂದು ಕಾಫಿ ತಗೊಂಡು ಹೊರಡುತ್ತಾನೆ. ಗಾಡಿಯ ಕುಟುಂಬಕ್ಕೆ ಬೇಕಾಗುವ ಪಟ್ಟಿ ಹಾಕಿ ನೋಡಿ: ಬೆಳಿಗ್ಗೆ ಹಾಲು, ಸಂತೆಯಿಂದ ಸೊಪ್ಪು ತರಕಾರಿ, ಅಕ್ಕಿ ಬೇಳೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಬಟ್ಟೆ ಒಗೆಸುವುದು, ಇಸ್ತ್ರಿ, ಮಗುವಿನ ಕೆಮ್ಮಿಗೆ ಔಷಧಿ, ಟೈರಿಗೆ ಪಂಕ್ಚರ್, ಕೈಕೊಟ್ಟ ಬ್ಯಾಟರಿ, ಹರಿದ ಪರದೆಗೆ ಟೈಲರ್, ಕೂದಲು ಕಟಿಂಗ್. ಇದರಲ್ಲಿ ಒಂದೂ ಎಕ್ಸ್‌ಪ್ರೆಸ್‌ವೇ ಮೇಲೆ ಸಿಗುವುದಿಲ್ಲ. ಎಲ್ಲವೂ ಸಿಗುವುದು ಪೇಟೆ ಬೀದಿಯಲ್ಲಿ.

ಇನ್ನೊಂದು ಮಾತು. ಇವರಿಗೆ ಅವಸರ ಇಲ್ಲ. ಅವಸರ ಇಲ್ಲದವರು ಟೋಲ್ ಕಟ್ಟಿ ಓಡುವ ಬದಲು ಊರೊಳಗಿನ ಹಳೇ ರಸ್ತೆ ಹಿಡಿಯಬಹುದು. ವೇಗಕ್ಕೆ ಸೋತ ರಸ್ತೆ ನಿಧಾನಕ್ಕೆ ಗೆಲ್ಲುವ ಅವಕಾಶ ಇಲ್ಲೇ ಇದೆ. ಮಕ್ಕಳಿಗೆ ಆಲೆ ಮರದ ತುಂಡು ಚರಕಿಯಲ್ಲಿ ತಿರುಗಿ, ಅರಗಿನ ಬಣ್ಣ ಹತ್ತಿ ಬೊಂಬೆಯಾಗುವುದನ್ನು ತೋರಿಸಲು ಐದು ನಿಮಿಷ ಸಾಲದು, ಅರ್ಧ ದಿನ ಬೇಕು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ಗದ್ದಲ ನೋಡಬೇಕಾದರೆ ಹಿಂದಿನ ರಾತ್ರಿ ಊರಲ್ಲೇ ಇರಬೇಕು. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇರುವುದೂ ಹಳೇ ರಸ್ತೆಯ ಪಕ್ಕದಲ್ಲೇ. ಇವೆಲ್ಲ ನಿಂತವರಿಗೆ ಮಾತ್ರ ಸಿಗುವ ಸರಕು.

ನಿಲ್ಲಬೇಕು ಅಂದ್ರೆ ಎಲ್ಲಿ?

ಇಲ್ಲಿಂದ ಕಷ್ಟ ಶುರು. ‘ಶೋಲೆ’ (1975) ಚಿತ್ರದಿಂದ ಹೆಸರಾದ ರಾಮದೇವರ ಬೆಟ್ಟ ಈಗ ರಣಹದ್ದುಗಳ ಅಭಯಧಾಮ. ಅಲ್ಲಿ ರಾತ್ರಿ ಬಿಡಾರ ಹೂಡುವಂತಿಲ್ಲ, ಹೂಡಲೂಬಾರದು. ಕನಕಪುರ ಕಡೆ ಸಂಗಮ, ಮೇಕೆದಾಟು ಚೆಂದವೇನೋ ಹೌದು, ಆದರೆ ಅದು ಕಾವೇರಿ ವನ್ಯಜೀವಿಧಾಮದ ಸೀಮೆ. ಕನಕಪುರ, ಚನ್ನಪಟ್ಟಣದ ಹಲವು ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಆನೆ ಭಯ ಇದೆ ಅನ್ನೋದು ಅಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ದಾರಿ ಗೊತ್ತಿಲ್ಲದ ಕುಟುಂಬಕ್ಕೆ ಮಾತ್ರ ಅದು ಗೊತ್ತಿರುವುದಿಲ್ಲ. ಮಾಗಡಿಯ ಸಾವನದುರ್ಗದ ಸುತ್ತ ಅರಣ್ಯ, ಮಂಚನಬೆಲೆಯ ಹಿನ್ನೀರು ಅಪಾಯದ ಜಾಗ. ಚನ್ನಪಟ್ಟಣದ ಕಣ್ವ ಜಲಾಶಯದ ದಂಡೆ ನೋಡಲು ತಂಪು, ಆದರೆ ಕೆರೆ ಏರಿ ಮೇಲೆ ಗಾಡಿ ನಿಲ್ಲಿಸಿ ಮಕ್ಕಳನ್ನು ಮಲಗಿಸುವುದು ಧೈರ್ಯದ ಮಾತಲ್ಲ.

ಹಾಗಾದರೆ ಉಳಿಯುವುದು ಪೆಟ್ರೋಲ್ ಬಂಕಿನ ಮೂಲೆ, ಕಲ್ಯಾಣ ಮಂಟಪದ ಅಂಗಳ, ಡಾಬಾ ಮುಂದಿನ ಬಯಲು. ಅಲ್ಲಿ ಶೌಚಾಲಯ ಚೆನ್ನಾಗಿದ್ದರೆ ಅದೃಷ್ಟ, ಇಲ್ಲದಿದ್ದರೆ ಹೆಂಗಸರ, ಮಕ್ಕಳ ಪಾಡು ಕೇಳಬೇಡಿ. ರಾತ್ರಿ ಯಾರಾದರೂ ಗಾಡಿಯ ಬಾಗಿಲು ತಟ್ಟಿದರೆ ಉತ್ತರ ಕೊಡಬೇಕಾದವರು ಅವರೇ. ಹೀಗಾಗಿ ಬಹಳ ಮಂದಿ ಬೆಂಗಳೂರು ಬಿಟ್ಟರೆ ಸೀದಾ ಮೈಸೂರು ಅಂತ ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. ನಡುವೆ ಇರುವ ತಾಲ್ಲೂಕುಗಳು ಕಿಟಕಿಯಿಂದ ಕಾಣುವ ಬೆಟ್ಟಗಳಷ್ಟೇ ಆಗಿ ಉಳಿಯುತ್ತವೆ.

ಗಾಡಿ, ಗ್ಯಾಸು, ಶಾಲೆ: ಕಾನೂನು ಏನನ್ನುತ್ತೆ?

ಮನೆಯಂಥ ಗಾಡಿ ಕಾನೂನಿಗೆ ಹೊಸದಲ್ಲ. 2004ರ ಕೇಂದ್ರ ಅಧಿಸೂಚನೆಯ ವಾಹನ ಪಟ್ಟಿಯಲ್ಲೇ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಇದೆ. ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್–124 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಆದರೆ ಇರುವ ವ್ಯಾನನ್ನು ಮನಸ್ಸಿಗೆ ಬಂದಂತೆ ಕತ್ತರಿಸಿ ಮನೆ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ತಡೆಯುತ್ತದೆ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಜಿಲ್ಲೆಯ ಗ್ಯಾರೇಜು, ಬಾಡಿ ಬಿಲ್ಡಿಂಗ್, ಮರಗೆಲಸದವರಿಗೆ ಇಂಥ ಕೆಲಸ ಬಂದರೆ ಮೊದಲು ಆರ್‌ಟಿಒ ಅನುಮತಿ ಕೇಳಬೇಕು, ಆಮೇಲೆ ಗರಗಸ ಹಿಡಿಯಬೇಕು. ಹೊರ ರಾಜ್ಯದ ನೋಂದಣಿಯ ಗಾಡಿ ಒಂದೇ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಇಲ್ಲಿನ ನಂಬರ್ ಪಡೆಯಬೇಕು ಅನ್ನೋದು 47ನೇ ಸೆಕ್ಷನ್.

ಗ್ಯಾಸಿನ ವಿಚಾರದಲ್ಲಿ ಅಂಗಡಿಯವರಿಗೂ ಕೆಲಸ ಇದೆ. ವಿಳಾಸ ಇಲ್ಲದವರಿಗೆ 14.2 ಕೆ.ಜಿ. ಸಿಲಿಂಡರ್ ಕನೆಕ್ಷನ್ ಕಷ್ಟ. ಅದಕ್ಕೇ 5 ಕೆ.ಜಿ. ಸಿಲಿಂಡರ್ ಇದೆ. ಇಂಡಿಯನ್ ಆಯಿಲ್ 2020ರಲ್ಲಿ ಇದಕ್ಕೆ ‘ಛೋಟು’ ಅಂತ ಹೆಸರಿಟ್ಟಿತು. ಗುರುತಿನ ಚೀಟಿ ತೋರಿಸಿದರೆ ಸಾಕು, ವಿಳಾಸದ ದಾಖಲೆ ಬೇಡ. ಬಂಕುಗಳಲ್ಲಿ, ಆಯ್ದ ಕಿರಾಣಿ ಅಂಗಡಿಗಳಲ್ಲೂ ಮಾರಬಹುದು. ಇದು ಗಾಡಿಯವರಿಗಷ್ಟೇ ಅಲ್ಲ, ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ವಲಸೆ ಕಾರ್ಮಿಕರಿಗೂ ಬೇಕಾದದ್ದು. ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಕದ್ದು ತುಂಬಿಸುವ ಅಪಾಯಕ್ಕಿಂತ ಇದು ಎಷ್ಟೋ ವಾಸಿ.

ಜನ ಮೊದಲು ಕೇಳುವ ಪ್ರಶ್ನೆ ಮಾತ್ರ ಬೇರೆ: ಮಕ್ಕಳ ಓದು ಏನಾಗಬೇಕು? ನ್ಯಾಯವಾದ ಪ್ರಶ್ನೆ. 6ರಿಂದ 14 ವರ್ಷದ ಮಗುವಿಗೆ ಶಿಕ್ಷಣ ಮೂಲಭೂತ ಹಕ್ಕು. 2009ರ ಕಾಯ್ದೆಯ ಪ್ರಕಾರ ಬೇರೆ ಶಾಲೆಗೆ ಹೋಗುವ ಮಗುವಿಗೆ ಮುಖ್ಯ ಶಿಕ್ಷಕರು ತಡಮಾಡದೆ ಟಿಸಿ ಕೊಡಬೇಕು. ಶಾಲೆಗೇ ಹೋಗಲಾಗದವರಿಗೆ ಎನ್‌ಐಒಎಸ್‌ನ ಮುಕ್ತ ಮೂಲ ಶಿಕ್ಷಣದಲ್ಲಿ 3, 5, 8ನೇ ತರಗತಿಗೆ ಸಮನಾದ ಮೂರು ಹಂತಗಳಿವೆ. ದಾರಿ ಇದೆ. ಆದರೆ ಓದು ಬರೀ ಪರೀಕ್ಷೆಯಲ್ಲ. ಜೊತೆಗಾರರು, ಜಗಳ, ಆಟ, ಪಕ್ಕದ ಮನೆಯ ಅಜ್ಜಿ, ಇವೆಲ್ಲ ಗಾಡಿಯಲ್ಲಿ ಸಿಗುವುದು ಕಷ್ಟ. ನಾಲ್ಕು ದಿನ ನಿಂತ ಊರಲ್ಲಿ ಅಂಗನವಾಡಿ ಕಾರ್ಯಕರ್ತೆ ಒಮ್ಮೆ ಬಂದು ಮಗುವಿನ ಲಸಿಕೆ ಕೇಳಿದರೆ, ಆಡಲು ಓಣಿಯ ಮಕ್ಕಳು ಕರೆದರೆ, ಆ ಊರು ಆ ಕುಟುಂಬಕ್ಕೆ ಮರೆಯದ ಊರಾಗುತ್ತದೆ.

ಒಂದೇ ಬಯಲು, ಎರಡು ಅಳತೆ

ಇಲ್ಲಿ ಮುಚ್ಚುಮರೆ ಇಲ್ಲದೆ ಹೇಳಬೇಕಾದ ಮಾತೊಂದಿದೆ. ಮನೆ ಹೊತ್ತು ತಿರುಗುವುದು ಈ ನೆಲಕ್ಕೆ ಹೊಸದಲ್ಲ. ಹಕ್ಕಿಪಿಕ್ಕಿ, ದೊಂಬರು, ಬುಡಬುಡಿಕೆಯವರು, ಕೋಲೆ ಬಸವ ಆಡಿಸುವವರು ತಲೆತಲಾಂತರದಿಂದ ಹಾಗೇ ಬದುಕಿದ್ದಾರೆ. 1871ರಲ್ಲಿ ಬ್ರಿಟಿಷರು ಅಲೆಮಾರಿ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳೆಂದು ಹಣೆಪಟ್ಟಿ ಕಟ್ಟುವ ಕಾಯ್ದೆ ತಂದರು. 1952ರಲ್ಲಿ ಅದು ರದ್ದಾಯಿತು, ಹಣೆಪಟ್ಟಿ ಪೂರ್ತಿ ಅಳಿಯಲಿಲ್ಲ. ಇವತ್ತಿಗೂ ಊರ ಹೊರಗೆ ಟಾರ್ಪಾಲ್ ಗುಡಾರ ಎದ್ದರೆ ‘ಎಲ್ಲಿಯವರು, ಯಾವಾಗ ಖಾಲಿ ಮಾಡ್ತೀರಿ’ ಅನ್ನೋ ಪ್ರಶ್ನೆ ಮೊದಲು. ಅದೇ ಬಯಲಲ್ಲಿ ಲಕ್ಷಗಟ್ಟಲೆ ಬೆಲೆಯ ಗಾಡಿ ನಿಂತರೆ ಮೊದಲು ಸೆಲ್ಫಿ. ಒಬ್ಬರು ಆಸೆಪಟ್ಟು ಮನೆ ಬಿಟ್ಟವರು, ಇನ್ನೊಬ್ಬರು ಮನೆಯೇ ಸಿಗದವರು. ರಾತ್ರಿ ಹೊತ್ತು ಇಬ್ಬರಿಗೂ ಬೇಕಾದದ್ದು ಮಾತ್ರ ಒಂದೇ: ನೀರು, ಬೆಳಕು, ಶೌಚಾಲಯ, ಯಾರೂ ಎಬ್ಬಿಸದ ನಿದ್ದೆ.

ಶ್ರೀಮಂತ ದೇಶಗಳಲ್ಲೂ ಇದೇ ಕಥೆ. ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ನಂತರ ಮನೆ ಕಳಕೊಂಡ ವಯಸ್ಸಾದವರು ವ್ಯಾನುಗಳಲ್ಲೇ ಬದುಕಿ ಕೂಲಿ ಹುಡುಕುತ್ತಾ ಹೋದರು. 2021ರಲ್ಲಿ ಆಸ್ಕರ್ ಗೆದ್ದ ‘ನೋಮ್ಯಾಡ್‌ಲ್ಯಾಂಡ್’ ಚಿತ್ರ ಅವರದೇ ಕಥೆ. ವಿಡಿಯೋದಲ್ಲಿ ಕಾಣುವ ಸೂರ್ಯೋದಯದ ಹಿಂದೆ ಇಂಥ ಬದುಕೂ ಇದೆ.

ಹಾಗಾಗಿ ‘ಹೈಟೆಕ್ ಕ್ಯಾರವಾನ್ ಪಾರ್ಕ್’ ಅಂತ ಕೋಟಿಗಟ್ಟಲೆ ಯೋಜನೆ ಹಾಕಿ, ಬೇಲಿ ಕಟ್ಟಿ, ಕಾರ್ಡ್ ಇದ್ದವರಿಗೆ ಮಾತ್ರ ಅಂತ ಬೋರ್ಡ್ ಹಾಕಿದರೆ ಜಿಲ್ಲೆಗೆ ಲಾಭ ಕಡಿಮೆ. ಬೇಕಿರುವುದು ಎಲ್ಲರೂ ಬಳಸುವ ಸಾದಾ ತಂಗುದಾಣ. ಲಾರಿ ಚಾಲಕರಿಗೂ ಅದು ಬೇಕು. ಶಿವರಾತ್ರಿ ಹೊತ್ತಿಗೆ ಕನಕಪುರದ ಮೇಲೆ ನಡೆದು, ಸಂಗಮದ ಬಳಿ ಕಾವೇರಿ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಸಾವಿರಾರು ಪಾದಯಾತ್ರಿಗಳಿಗೂ ಬೇಕು.

ಬೇರೆ ಕಡೆ ಏನು ಮಾಡಿದ್ದಾರೆ?

ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ನೀತಿ ಪ್ರಕಟಿಸಿ, 2022ರ ಫೆಬ್ರವರಿಯಲ್ಲಿ ವಾಗಮಣ್‌ನಲ್ಲಿ ಮೊದಲ ಪಾರ್ಕ್ ತೆರೆಯಿತು. ಅದು ರಜೆಗೆ ಬರುವ ಪ್ರವಾಸಿಗರ ದಾರಿ. ಫ್ರಾನ್ಸಿನ ಸಣ್ಣ ಊರುಗಳ ದಾರಿ ಇನ್ನೂ ಸರಳ. ಪೇಟೆಗೆ ನಡೆದು ಹೋಗುವಷ್ಟು ದೂರದಲ್ಲಿ ನಗರಸಭೆಯೇ ನಾಲ್ಕಾರು ಗಾಡಿ ನಿಲ್ಲುವ ಜಾಗ ಮಾಡಿ, ನೀರಿನ ನಲ್ಲಿ, ಕೊಳೆ ನೀರು ಬಿಡುವ ಗುಂಡಿ ಕೊಡುತ್ತದೆ. ಬಂದವರು ಊರಿನ ಬೇಕರಿಯಲ್ಲೇ ಬ್ರೆಡ್ ಕೊಳ್ಳಲಿ ಅನ್ನೋದು ಲೆಕ್ಕ. 1993ರಿಂದ ಅಲ್ಲಿ ‘ಫ್ರಾನ್ಸ್ ಪ್ಯಾಸಿಯೋಂ’ ಎಂಬ ವ್ಯವಸ್ಥೆಯಲ್ಲಿ ರೈತರು, ದ್ರಾಕ್ಷಿ ಬೆಳೆಗಾರರು ತಮ್ಮ ತೋಟದಲ್ಲಿ ಒಂದು ರಾತ್ರಿ ಪುಕ್ಕಟೆ ಗಾಡಿ ನಿಲ್ಲಿಸಲು ಬಿಡುತ್ತಾರೆ. ಕೊಳ್ಳಲೇಬೇಕು ಅನ್ನುವ ಕಟ್ಟಳೆ ಇಲ್ಲ. ಆದರೂ ತೋಟದಲ್ಲಿ ಮಲಗೆದ್ದವರು ಬರಿಗೈಲಿ ಹೋಗುವುದು ಕಡಿಮೆ.

ರಾಮನಗರ, ಮಾಗಡಿಯ ಮಾವಿನ ತೋಟಗಳಿಗೆ ಈ ಉಪಾಯ ಹೊಸದಾಗಿ ಕಾಣಬೇಕಿಲ್ಲ. ಕುರಿ ಕಾಯುವವರನ್ನು ಕರೆದು ಹೊಲದಲ್ಲಿ ಮಂದೆ ಹಾಕಿಸಿ, ಗೊಬ್ಬರಕ್ಕೆ ಬದಲಾಗಿ ದವಸವೋ ದುಡ್ಡೋ ಕೊಡುವುದು ರೈತರಿಗೆ ಗೊತ್ತಿರುವ ಪದ್ಧತಿ. ಬಂದವನಿಗೂ ಲಾಭ, ನಿಲ್ಲಿಸಿಕೊಂಡವನಿಗೂ ಲಾಭ. ಮಾವಿನ ಸುಗ್ಗಿಯಲ್ಲಿ ದಲ್ಲಾಳಿ ಹೇಳಿದ ರೇಟಿಗೆ ಹಣ್ಣು ಕೊಡುವ ಬೆಳೆಗಾರನಿಗೆ ತೋಟಕ್ಕೇ ಬಂದು ಬುಟ್ಟಿ ಕೊಳ್ಳುವ ಎರಡು ಕುಟುಂಬ ಸಿಕ್ಕರೂ ಕಮ್ಮಿಯೇನಲ್ಲ.

ಈಗಲೇ ಆಗಬಹುದಾದದ್ದು

ಮೊದಲನೆಯದು, ತಾಲ್ಲೂಕಿಗೊಂದು ಜಾಗ. ಹಳೇ ರಸ್ತೆ ಪಕ್ಕ, ಪೇಟೆಗೆ ಹತ್ತಿರ, ಅರಣ್ಯ ಮತ್ತು ಕೆರೆಯಿಂದ ದೂರ. ನಗರಸಭೆ, ಪುರಸಭೆ, ಪಂಚಾಯಿತಿ ಯಾರದೇ ಆಗಲಿ, ದರ ಬರೆದ ಬೋರ್ಡು, ಕೈಗೆ ರಶೀದಿ. ಎರಡನೆಯದು, ನೀರು ಮತ್ತು ರಾತ್ರಿಯಿಡೀ ತೆರೆದಿರುವ ಶುಚಿ ಶೌಚಾಲಯ. ಮೂರನೆಯದು, ಗಾಡಿಯ ಶೌಚದ ತೊಟ್ಟಿ ಖಾಲಿ ಮಾಡಲು ಒಳಚರಂಡಿಗೆ ಸೇರುವ ಗುಂಡಿ. ಇದನ್ನು ಮರೆತರೆ ಆ ಕೊಳೆ ರಾತ್ರೋರಾತ್ರಿ ಚರಂಡಿಗೆ, ಅಲ್ಲಿಂದ ಅರ್ಕಾವತಿಗೆ. ಆ ನದಿಗೆ ಈಗಾಗಲೇ ಸಾಕಾಗಿದೆ. ನಾಲ್ಕನೆಯದು, ಬೀಟ್ ಪೊಲೀಸರಿಗೆ ಒಂದೇ ಸೂಚನೆ: ಗುಡಾರವೋ ಗಾಡಿಯೋ, ಕೇಳುವ ಪ್ರಶ್ನೆ ಒಂದೇ, ಮಾತಿನ ಮರ್ಯಾದೆ ಒಂದೇ.

ವರ್ತಕರ ಕೈಯಲ್ಲೂ ಕೆಲಸವಿದೆ. ರಾತ್ರಿ ಪಂಕ್ಚರ್ ಹಾಕುವವರು, ಎಲೆಕ್ಟ್ರೀಷಿಯನ್, ವಾರದ ಸಂತೆ ದಿನ, ಆನೆ ಓಡಾಡುವ ರಸ್ತೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಬಂಕಿನ ಗೋಡೆಗೆ ಅಂಟಿಸಲು ಸರ್ಕಾರದ ಅನುದಾನ ಬೇಕಾಗಿಲ್ಲ.

2025ರ ಮೇನಲ್ಲಿ ಜಿಲ್ಲೆಯ ಹೆಸರು ರಾಮನಗರದಿಂದ ಬೆಂಗಳೂರು ದಕ್ಷಿಣ ಆಯಿತು. ಬೋರ್ಡಿನ ಮೇಲಿನ ಹೆಸರು ಯಾವುದೇ ಇರಲಿ, ದಾರಿಹೋಕನಿಗೆ ಊರು ನೆನಪಿರುವುದು ಅಲ್ಲಿ ನೀರು ಸಿಕ್ಕಿತಾ, ನಿದ್ದೆ ಬಂತಾ ಅನ್ನುವುದರಿಂದ. ಹಿಂದೆ ಇದೇ ದಾರಿಗಳಲ್ಲಿ ಛತ್ರ, ಅರವಟಿಗೆ, ತಲೆಹೊರೆ ಇಳಿಸಲು ಹೊರೆಗಲ್ಲು ಇದ್ದವು. ಅವನ್ನು ಕಟ್ಟಿಸಿದವರು ಬರುವವನ ಗಾಡಿ, ಗಂಟು ಎಣಿಸುತ್ತಾ ಕೂತಿದ್ದರೆ ದಾರಿ ಬದಿಯ ಪೇಟೆಗಳೇ ಬೆಳೆಯುತ್ತಿರಲಿಲ್ಲ. ಎಕ್ಸ್‌ಪ್ರೆಸ್‌ವೇ ಮೇಲೆ ಓಡುವ ಸಾವಿರ ಕಾರುಗಳನ್ನು ಕೈ ಅಡ್ಡ ಹಾಕಿ ನಿಲ್ಲಿಸಲಾಗದು. ನಿಲ್ಲಬೇಕು ಅಂತಲೇ ಬರುವ ಹತ್ತು ಗಾಡಿಗೆ ಜಾಗ ಮಾಡಿಕೊಡುವುದು ಮಾತ್ರ ಈ ತಾಲ್ಲೂಕುಗಳ ಕೈಯಲ್ಲೇ ಇದೆ.